ಒಂಬತ್ತು ಗಂಟೆಯ ಲೆಕ್ಕ

ಟಿವಿ ಚರ್ಚೆಗಳ ಲೆಕ್ಕ ಬರೆದ ಆ ನೋಟ್‌ಬುಕ್ ಈಗಲೂ ನನ್ನ ಕಪಾಟಿನಲ್ಲಿದೆ. ನೂರು ಪುಟದ ಉದ್ದ ಪುಸ್ತಕ. ಸ್ಕೇಲ್ ಇಟ್ಟು ಆರು ಕಾಲಂ ಎಳೆದಿದ್ದೇನೆ. ತಾರೀಖು, ವಿಷಯ, ಎಷ್ಟು ಮಂದಿ ಕೂತಿದ್ದರು, ಜಾಹೀರಾತು ಎಷ್ಟು ನಿಮಿಷ, ನನಗೆ ಮೊದಲು ಗೊತ್ತಿರದ ಒಂದಾದರೂ ಸಂಗತಿ ಸಿಕ್ಕಿತಾ. ಕೊನೆಯ ಕಾಲಂ: ಪೂರ್ತಿ ವಾಕ್ಯ ಎಷ್ಟು.

ಪೂರ್ತಿ ವಾಕ್ಯ ಅಂದರೆ, ಒಬ್ಬ ಮನುಷ್ಯ ಮಾತು ಶುರು ಮಾಡಿ, ಮಧ್ಯೆ ಯಾರೂ ಬಾಯಿ ಹಾಕದೆ, ಕ್ರಿಯಾಪದದ ತನಕ ಬಂದು ಮುಟ್ಟಿದ್ದು. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ ನೋಡಿ. ಅರ್ಧಕ್ಕೆ ನಿಂತರೆ ಸರ್ಕಾರ ಏನೋ ಮಾಡಿತಾ, ಮಾಡಲಿಲ್ಲವಾ, ಮಾಡಬೇಕಿತ್ತಾ ಅಂತ ಗೊತ್ತೇ ಆಗುವುದಿಲ್ಲ. ನನ್ನ ಪುಸ್ತಕದಲ್ಲಿ ಆ ಕಾಲಂ ಹೆಚ್ಚಿನ ದಿನ ಖಾಲಿ.

ನಾನು ಮೂವತ್ತು ವರ್ಷದಿಂದ ಮುಂಬಯಿಯ ಗೋರೆಗಾಂವ್ ಪಶ್ಚಿಮದಲ್ಲಿ ಇದ್ದೇನೆ. ಹೋಟೆಲುಗಳ, ಸಣ್ಣ ಅಂಗಡಿಗಳ, ಹೌಸಿಂಗ್ ಸೊಸೈಟಿಗಳ ಲೆಕ್ಕ ಬರೆದು ಹೊಟ್ಟೆ ಹೊರೆಯುವವನು. ಊರು ಕುಂದಾಪುರದ ಕಡೆ. ರಾಜಕೀಯದ ಹುಚ್ಚು ಮೊದಲಿನಿಂದ ಇತ್ತು. ಆದರೆ ಟಿವಿ ಚರ್ಚೆಯ ಹುಚ್ಚು ಹಿಡಿದದ್ದು 2019ರ ಜುಲೈನಲ್ಲಿ, ಮಳೆಯಲ್ಲಿ, ಪವಾಯಿಯಲ್ಲಿ.

ಆಗ ಕರ್ನಾಟಕದಲ್ಲಿ ಜೆಡಿಎಸ್-ಕಾಂಗ್ರೆಸ್ ಸರ್ಕಾರ. ರಾಜೀನಾಮೆ ಕೊಟ್ಟ ಶಾಸಕರು ಬಂದು ಕೂತಿದ್ದು ನಮ್ಮ ಮುಂಬಯಿಯ ಪಂಚತಾರಾ ಹೋಟೆಲಿನಲ್ಲಿ. ಜುಲೈ 10ರಂದು ಆ ಶಾಸಕರನ್ನು ನೋಡಲು ಡಿ.ಕೆ. ಶಿವಕುಮಾರ್ ಬಂದರು. ಪೊಲೀಸರು ಒಳಗೆ ಬಿಡಲಿಲ್ಲ. ಅವರು ಗೇಟಿನ ಹೊರಗೇ ಗಂಟೆಗಟ್ಟಲೆ ಕಾದರು. ನನ್ನ ಒಬ್ಬ ಗಿರಾಕಿಯ ಕ್ಯಾಂಟೀನು ಅಲ್ಲೇ ಹತ್ತಿರ. ಕೆಲಸದ ನೆಪ ಹೇಳಿ ಹೋದೆ. ಅಲ್ಲಿ ಒಬ್ಬ ಹುಡುಗ, ಕೈಯಲ್ಲಿ ಮೈಕು, ತಲೆಗೆ ಪ್ಲಾಸ್ಟಿಕ್ ಚೀಲ. ಕಂಡಕಂಡವರನ್ನು "ಕನ್ನಡ ಬರುತ್ತಾ ಸಾರ್?" ಅಂತ ಕೇಳುತ್ತಿದ್ದ. ನನಗೆ ಬರುತ್ತದೆ ಅಂದೆ. ಮೈಕು ಮುಂದೆ ಬಂತು. ಮೂರು ನಿಮಿಷ ಮಾತಾಡಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನಿಂದ ಶುರು ಮಾಡಿ ರಾಮಕೃಷ್ಣ ಹೆಗಡೆಯವರ ತನಕ ಹೋದೆ. ಟಿವಿಯಲ್ಲಿ ಬಂದದ್ದು "ಇದು ಸರಿಯಲ್ಲ" ಅನ್ನುವ ಎರಡು ಪದ.

ಆದರೂ ಊರಿನಿಂದ ಹನ್ನೊಂದು ಫೋನು. ಚಿಕ್ಕಮ್ಮ, ಹೈಸ್ಕೂಲು ಗೆಳೆಯ, ದೇವಸ್ಥಾನದ ಭಟ್ಟರು. ಹೊಟ್ಟೆಯೊಳಗೆ ಏನೋ ಬೆಚ್ಚಗಾಯಿತು ಮಾರಾಯ್ರೆ. ಅಲ್ಲಿಂದ ಶುರು.

ಸಂಜೆ ಏಳಕ್ಕೆ ಮರಾಠಿ, ಎಂಟಕ್ಕೆ ಹಿಂದಿ, ಒಂಬತ್ತಕ್ಕೆ ಕನ್ನಡ. ಮುಂಬಯಿ ಕನ್ನಡಿಗನಾಗಿದ್ದರ ಲಾಭ ಇದು, ಒಂದೇ ಜಗಳ ಮೂರು ಭಾಷೆಯಲ್ಲಿ ನೋಡಬಹುದು. ಊಟದ ತಟ್ಟೆ ತೊಡೆಯ ಮೇಲೆ. ಒಂಬತ್ತೂವರೆಗೆ ನಾನೇ ಟಿವಿಗೆ ಉತ್ತರ ಕೊಡಲು ಶುರು ಮಾಡುತ್ತಿದ್ದೆ. ಹೆಂಡತಿ ಸಾರು ಬಡಿಸಲು ಬಂದವಳು ಸೌಟು ಹಿಡಿದು ನಿಂತೇ ಇರುತ್ತಿದ್ದಳು. "ಅವರಿಗೆ ಕೇಳುತ್ತದಾ?" ಅಂತ ಒಂದು ದಿನ ಕೇಳಿದಳು. ವ್ಯಂಗ್ಯ ಅಂದುಕೊಂಡೆ. ಅವಳು ನಿಜವಾಗಿಯೇ ಕೇಳಿದ್ದಳು, ಯಾರಾದರೂ ಫೋನಿನಲ್ಲಿದ್ದಾರಾ ಅಂತ.

ಅದೇ ವರ್ಷ ಅಕ್ಟೋಬರ್ 21ಕ್ಕೆ ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆ. ನಾನು ಒಂದು ಪಕ್ಷದ ಪೋಲಿಂಗ್ ಏಜೆಂಟ್. ಯಾವುದು ಅಂತ ಹೇಳುವುದಿಲ್ಲ, ಹೇಳಿದರೂ ಇವತ್ತು ಅದಕ್ಕೆ ಅರ್ಥ ಇಲ್ಲ. ಬೆಳಗ್ಗೆ ಆರಕ್ಕೂ ಮೊದಲೇ ಪಾಲಿಕೆ ಶಾಲೆಯ ಕೋಣೆಯಲ್ಲಿ ಹಾಜರು. ಮೊದಲು ಅಣಕು ಮತದಾನ, ಕಮ್ಮಿಯೆಂದರೂ ಐವತ್ತು ಓಟು ಒತ್ತಿ, ಎಣಿಸಿ, ಎಲ್ಲ ಅಳಿಸಿ, ಓಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಸೀಲು. ಹಸಿರು ಕಾಗದದ ಸೀಲಿನ ಮೇಲೆ ನಮ್ಮ ಸಹಿ. ಇದೆಲ್ಲ ನನಗೆ ಬಹಳ ಇಷ್ಟ. ವರ್ಷದ ಕೊನೆಗೆ ಬ್ಯಾಲೆನ್ಸ್ ಶೀಟ್ ಪೈಸೆಗೆ ಪೈಸೆ ತಾಳೆ ಆದಾಗ ಸಿಗುವ ಖುಷಿ. ಮತ್ತೆ ಆ ಶಾಯಿ. ಮುಂಬಯಿಯ ಶಾಲೆಯಲ್ಲಿ, ಮರಾಠಿ ಮಾತಾಡುವ ಮೇಡಂ ಎಲ್ಲರ ಬೆರಳಿಗೆ ಹಚ್ಚುವುದು ಮೈಸೂರಿನಿಂದ ಬಂದ ಬಾಟಲಿ. ಮೈಸೂರು ಪೇಂಟ್ಸ್‌ನವರು 1962ರಿಂದ ಮಾಡಿಕೊಡುತ್ತಿರುವ ಶಾಯಿ. ಪಕ್ಕದ ಏಜೆಂಟನಿಗೆ ಇದನ್ನು ಹೇಳಿದೆ. ಅವನು ರತ್ನಾಗಿರಿಯ ಕಡೆಯವನು, ಎದುರು ಪಕ್ಷ. "ಹೌದಾ? ಹಾಗಾದರೆ ನಿಮ್ಮವರ ಶಾಯಿ ನಮ್ಮವರಿಗೆ ಬಿತ್ತು" ಅಂದ. ಮಧ್ಯಾಹ್ನ ನನ್ನ ಡಬ್ಬಿಯ ನೀರ್ ದೋಸೆ, ಅವನ ಡಬ್ಬಿಯ ಬಾಂಗ್ಡ ಮೀನು ಹಂಚಿಕೊಂಡೆವು. ಸಂಜೆ 17ಸಿ ಫಾರ್ಮಿನ ನಕಲು ಇಬ್ಬರೂ ತೆಗೆದುಕೊಂಡೆವು. ಎಷ್ಟು ಓಟು ಬಿತ್ತು ಅನ್ನುವ ಲೆಕ್ಕದ ಕಾಗದ ಅದು. ನನ್ನದು ಫೈಲಿನಲ್ಲಿದೆ.

ನವೆಂಬರ್ 23, ಶನಿವಾರ. ಪೇಪರಿನವನು ಹಾಕಿಹೋದ ಪೇಪರಿನ ಮುಖಪುಟದಲ್ಲಿ ಶಿವಸೇನೆಯ ಉದ್ಧವ್ ಠಾಕ್ರೆ ಮುಖ್ಯಮಂತ್ರಿ ಆಗುತ್ತಾರೆ ಅಂತ ದಪ್ಪ ಅಕ್ಷರ. ಟಿವಿ ಹಾಕಿದರೆ ರಾಜಭವನದಲ್ಲಿ ಬಿಜೆಪಿಯ ದೇವೇಂದ್ರ ಫಡ್ನವೀಸ್, ಎನ್‌ಸಿಪಿಯ ಅಜಿತ್ ಪವಾರ್ ಪ್ರಮಾಣವಚನ ಮುಗಿಸಿ ನಿಂತಿದ್ದಾರೆ. ಕಾಫಿ ಇನ್ನೂ ಆರಿರಲಿಲ್ಲ. ಮೂರು ದಿನಕ್ಕೆ ಆ ಸರ್ಕಾರ ಬಿತ್ತು. 28ಕ್ಕೆ ಶಿವಾಜಿ ಪಾರ್ಕಿನಲ್ಲಿ ಉದ್ಧವ್ ಪ್ರಮಾಣವಚನ. ರತ್ನಾಗಿರಿಯವನೂ ನಾನೂ ಬೂತಿನಲ್ಲಿ ಎದುರುಬದುರು ಕೂತು ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದೆವಲ್ಲ, ಈಗ ನಮ್ಮಿಬ್ಬರ ಪಕ್ಷಗಳೂ ಸರ್ಕಾರದಲ್ಲಿ ಪಕ್ಕಪಕ್ಕ. ಅವನೇ ಫೋನ್ ಮಾಡಿದ. "ಬಾಂಗ್ಡ ಆವತ್ತೇ ಸುಳಿವು ಕೊಟ್ಟಿತ್ತು" ಅಂದ.

ನನಗೆ ನಗು ಬರಲಿಲ್ಲ. ಉದ್ಧವ್ ಪ್ರಮಾಣವಚನ ಆಗಿ ಒಂದು ವಾರಕ್ಕೆ, ಡಿಸೆಂಬರ್ 5ಕ್ಕೆ, ಕರ್ನಾಟಕದಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ. ಪಕ್ಷ ಬಿಟ್ಟು ಹೋದವರನ್ನು ಜನ ಏನು ಮಾಡುತ್ತಾರೋ ನೋಡೋಣ ಅಂತ ಕಾದಿದ್ದೆ. ಅವರು ಸೇರಿದ ಬಿಜೆಪಿ 12 ಗೆದ್ದಿತು. ಪವಾಯಿಯ ಮಳೆಯಲ್ಲಿ "ಇದು ಸರಿಯಲ್ಲ" ಅಂದಿದ್ದವನು ನಾನು. ಸರಿ ಅಂತ ಊರವರೇ ಬಟನ್ ಒತ್ತಿದ್ದರು. ಇದರಲ್ಲಿ ನಾಯಕರನ್ನು ಮಾತ್ರ ಬೈದು ಏನು ಪ್ರಯೋಜನ?

ಆದರೂ ಟಿವಿ ಬಿಡಲಿಲ್ಲ. ಲಾಕ್‌ಡೌನಿನಲ್ಲಿ ಇನ್ನೂ ಜಾಸ್ತಿಯಾಯಿತು. 2020ರ ಅಕ್ಟೋಬರಿನಲ್ಲಿ ಮುಂಬಯಿ ಪೊಲೀಸರು ಟಿಆರ್‌ಪಿ ಗೋಲ್‌ಮಾಲಿನ ಕೇಸು ಹಾಕಿದರು. ಮೀಟರ್ ಇಟ್ಟ ಮನೆಗಳಿಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸುತ್ತಾರೆ ಅನ್ನುವ ಆರೋಪ. ಸುದ್ದಿ ಚಾನೆಲ್‌ಗಳ ರೇಟಿಂಗನ್ನೇ, ಅದನ್ನು ಅಳೆಯುವ ಸಂಸ್ಥೆ ಬಾರ್ಕ್ ನಿಲ್ಲಿಸಿತು, ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ಅದನ್ನೂ ನಾನು ನೋಡಿದ್ದು ಚರ್ಚೆಯಲ್ಲೇ! ದುಡ್ಡು ಕೊಟ್ಟರೂ ನೋಡಬಾರದ್ದನ್ನು ನಾನು ಕೇಬಲ್‌ನವನಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ನೋಡುತ್ತಿದ್ದೆ.

2022ರ ಏಪ್ರಿಲಿನಲ್ಲಿ ಸ್ಟುಡಿಯೋ ನೋಡುವ ಯೋಗ ಬಂತು. ಪರಿಚಯದವರೊಬ್ಬರು ಪ್ರೇಕ್ಷಕರನ್ನು ಒದಗಿಸುವ ಕೆಲಸ ಮಾಡುತ್ತಿದ್ದರು. "ಬನ್ನಿ, ನಿಮಗೆ ಇದೆಲ್ಲ ಆಸಕ್ತಿ ಅಲ್ವಾ" ಅಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಜೇಬಿನಲ್ಲಿ ನನ್ನ ಪ್ರಶ್ನೆ ಬರೆದ ಚೀಟಿ. ಮುಂಬಯಿ ಪಾಲಿಕೆಯ ಅವಧಿ ಮಾರ್ಚ್ 7ಕ್ಕೆ ಮುಗಿದಿತ್ತು. ಚುನಾವಣೆ ಆಗಿರಲಿಲ್ಲ. 227 ನಗರಸೇವಕರೂ ಮಾಜಿಗಳು, ಆಯುಕ್ತರೇ ಆಡಳಿತಾಧಿಕಾರಿ. ನಮ್ಮ ಬಿಲ್ಡಿಂಗ್ ಹಿಂದಿನ ಗಟಾರ ಮಳೆಗಾಲಕ್ಕೆ ಮೊದಲು ಯಾರು ತೆಗೆಸುತ್ತಾರೆ, ಯಾರನ್ನು ಕೇಳಬೇಕು? ಇಷ್ಟೇ ನನ್ನ ಪ್ರಶ್ನೆ.

ಒಳಗೆ ಚಳಿ. ಅಷ್ಟು ಎಸಿ. ಕುರ್ಚಿಗಳು ಟಿವಿಯಲ್ಲಿ ಕಾಣುವುದಕ್ಕಿಂತ ಬಹಳ ಕಮ್ಮಿ, ಒತ್ತೊತ್ತಾಗಿ ಇಟ್ಟಿದ್ದರು. ಕಿವಿಗೆ ವೈರು ಸಿಕ್ಕಿಸಿಕೊಂಡ ಒಬ್ಬ ಹುಡುಗಿ ಬಂದು ಎಲ್ಲರ ಚೀಟಿ ಓದಿದಳು. ಮಗಳ ವಯಸ್ಸು. ನನ್ನದನ್ನು ಎರಡು ಸಲ ಓದಿ, ಪಾಪ, ಮೆತ್ತಗೆ ಹೇಳಿದಳು. "ಅಂಕಲ್, ಇದು ಲೋಕಲ್ ವಿಷಯ. ಇವತ್ತು ಲೌಡ್‌ಸ್ಪೀಕರ್."

ಆ ವಾರ ಎಲ್ಲ ಕಡೆ ಅದೇ. ಮಸೀದಿಯ ಲೌಡ್‌ಸ್ಪೀಕರ್, ಹನುಮಾನ್ ಚಾಲೀಸಾ. ಅದೂ ನಮ್ಮ ಮುಂಬಯಿಯ ಬೀದಿಯದ್ದೇ ವಿಷಯ ಅಲ್ವಾ, ಅದು ಹೇಗೆ ಲೋಕಲ್ ಅಲ್ಲ ಅಂತ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ಬೇರೆ ಚೀಟಿ ಕೈಗೆ ಕೊಟ್ಟಿದ್ದಳು. ಚೀಟಿಯಲ್ಲಿದ್ದ ಪ್ರಶ್ನೆ ನನ್ನದಲ್ಲ, ಕೇಳುವ ಬಾಯಿ ಮಾತ್ರ ನನ್ನದು. ನಲವತ್ತೈದು ನಿಮಿಷ ಆರು ಮಂದಿ ಶಬ್ದ ಮಾಲಿನ್ಯದ ಬಗ್ಗೆ ಕಿರುಚಿದರು. ನಾನು ಚೀಟಿ ಓದಲಿಲ್ಲ, ಸುಮ್ನೆ ಕೂತೆ. ಅವಸರದಲ್ಲಿ ನನ್ನ ಸರದಿ ಬರಲೂ ಇಲ್ಲ. ಹೊರಡುವಾಗ ಒಂದು ಸಮೋಸ, ಒಂದು ಸಣ್ಣ ನೀರಿನ ಬಾಟಲಿ ಕೊಟ್ಟರು.

ಆ ದಿನ ಬಿಟ್ಟೆ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಎರಡೇ ತಿಂಗಳಲ್ಲಿ ಜೂನ್ ಬಂತು. ಶಿವಸೇನೆ ಒಡೆದು ಶಾಸಕರನ್ನು ಕರೆದುಕೊಂಡು ಹೊರಟ ಏಕನಾಥ್ ಶಿಂಧೆ, ಸೂರತ್, ಅಲ್ಲಿಂದ ಗುವಾಹಟಿ. ಮೂರು ವರ್ಷದ ಹಿಂದೆ ಕರ್ನಾಟಕದವರಿಗೆ ಹೋಟೆಲ್ ಒದಗಿಸಿದ ಊರಿನವರು ಈಗ ತಾವೇ ವಿಮಾನ ಹತ್ತಿದ್ದರು. ಅದೇ ವಾರ ಮಾಲಾಡಿನಲ್ಲಿ ನನ್ನ ಭಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಭಾವ ಅಂದರೆ ಹೆಂಡತಿಯ ಅಣ್ಣ. ಇಪ್ಪತ್ತಾರು ವರ್ಷದಲ್ಲಿ ನಮ್ಮ ನಡುವೆ ಒಂದು ಕೆಟ್ಟ ಮಾತು ಬಂದಿರಲಿಲ್ಲ. ಪ್ರಸಾದದ ತಟ್ಟೆ ಕೈಯಲ್ಲಿ ಇಟ್ಟುಕೊಂಡು ಮಾತು ಶುರುವಾಯಿತು. ಮಾತಾಡುತ್ತಿದ್ದವನು ನಾನಲ್ಲ ಅಂತ ಈಗ ಅನ್ನಿಸುತ್ತದೆ, ಒಂಬತ್ತು ಗಂಟೆಯ ಆಂಕರ್. ಅದೇ ಬೆರಳು ತೋರಿಸುವುದು, ಅದೇ "ಹೌದು ಅಥವಾ ಇಲ್ಲ, ಅಷ್ಟೇ ಹೇಳಿ". ಭಾವನೂ ಇನ್ನೊಂದು ಚಾನೆಲ್ ಆಗಿದ್ದರು. "ನಿಮ್ಮಂಥವರಿಂದಲೇ ದೇಶ ಹೀಗಾದದ್ದು" ಅಂದರು. ನಾನು ಅದಕ್ಕಿಂತ ಕೆಟ್ಟದ್ದು ಅಂದೆ, ಇಲ್ಲಿ ಬರೆಯುವುದಿಲ್ಲ. ಅತ್ತಿಗೆ ಕೈಯಲ್ಲಿ ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಊಟ ಮಾಡದೆ ಬಂದೆವು. ಮಾಲಾಡಿನಿಂದ ಗೋರೆಗಾಂವ್ ಒಂದೇ ಸ್ಟೇಷನ್. ಹೆಂಡತಿ ಲೇಡೀಸ್ ಡಬ್ಬಕ್ಕೆ ಹತ್ತಿದಳು.

ಅವಳು ಟಿವಿ ನೋಡಬೇಡಿ ಅನ್ನಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ, ಟ್ಯಾಕ್ಸ್ ಆಡಿಟ್ ಗಡಿಬಿಡಿ ನಡುವೆ, "ಎಲ್ಲರ ಲೆಕ್ಕ ನೋಡುತ್ತೀರಿ, ಇದರದ್ದು ಒಂದು ನೋಡಿ" ಅಂದಳು. ಅದಕ್ಕೇ ಆ ನೋಟ್‌ಬುಕ್.

ಬಿಡಬೇಕು ಅಂತ ಶಪಥ ಮಾಡಿದವರು ಬಹಳ ಜನ ವಾಪಸ್ ಹೋಗುತ್ತಾರೆ. ನಾನು ಶಪಥ ಮಾಡಲಿಲ್ಲ. ಒಂದು ತಿಂಗಳು ಪೆನ್ನು ಹಿಡಿದು ನೋಡಿದೆ, ಅಷ್ಟೇ. ಪೆನ್ನು ಹಿಡಿದರೆ ಸಿಟ್ಟು ಬರುವುದಿಲ್ಲ, ಅದು ನನಗೆ ಗೊತ್ತಿರಲಿಲ್ಲ. ಎರಡನೇ ವಾರದಿಂದ ಬೇಜಾರು ಶುರುವಾಯಿತು. ಇಂಥವರು ಈಗ ಎದ್ದು ನಿಲ್ಲುತ್ತಾರೆ, ಈಗ ಇವರ ಮೈಕು ಬಂದ್ ಆಗುತ್ತದೆ, ಈಗ ಬ್ರೇಕ್ ಅಂತ ಮೊದಲೇ ಬರೆದಿಟ್ಟರೆ ಹಾಗೇ ಆಗುತ್ತಿತ್ತು. "ಹೊಸ ಸಂಗತಿ" ಕಾಲಂನಲ್ಲಿ ಇಡೀ ತಿಂಗಳಿಗೆ ನಾಲ್ಕು ಎಂಟ್ರಿ. ಅದರಲ್ಲಿ ಒಂದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಸಿಬಿಲ್ ಸ್ಕೋರ್ ಇಷ್ಟು ಕೆಟ್ಟದ್ದಿರುವ ಗಿರಾಕಿಯ ಫೈಲ್ ನಾನಾದರೆ ಮುಟ್ಟುತ್ತಿರಲಿಲ್ಲ.

ತಿಂಗಳ ಕೊನೆಗೆ ಕೇಬಲ್ ಹುಡುಗನಿಗೆ ಹೇಳಿ ಸುದ್ದಿ ಚಾನೆಲ್‌ಗಳನ್ನೆಲ್ಲ ಪ್ಯಾಕಿನಿಂದ ತೆಗೆಸಿದೆ. ಕೇಬಲ್, ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್ ಸಂಸ್ಥೆಯ 2019ರ ನಿಯಮದ ಮೇಲೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳಬಹುದು. ಉಳಿದ ದುಡ್ಡು ತೀರ ಕಮ್ಮಿ, ಎರಡು ವಡಾಪಾವ್ ಬರಬಹುದು. ಹುಡುಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕ್ರಿಕೆಟ್ ತೆಗೆಸುವವರಿದ್ದಾರೆ, ನ್ಯೂಸ್ ತೆಗೆಸಿದವರು ಇವರೇ ಮೊದಲು ಅಂತ ವಾಚ್‌ಮನ್ ಹತ್ತಿರ ಹೇಳಿದನಂತೆ.

ಟಿವಿ ಬಿಡುವುದು ಸುಲಭ. ಕಷ್ಟ ಇದ್ದದ್ದು ಫೋನು. ಒಂದು ಗಂಟೆಯ ಜಗಳದಲ್ಲಿ ಅತಿ ಕೆಟ್ಟ ನಲವತ್ತು ಸೆಕೆಂಡು ಕತ್ತರಿಸಿ ವಾಟ್ಸಾಪಿಗೆ ಹಾಕುತ್ತಾರಲ್ಲ, ಅದು. ಕುಟುಂಬದ ಗ್ರೂಪು, ಊರಿನ ಗ್ರೂಪು, ಬ್ಯಾಚಿನ ಗ್ರೂಪು, ಎಲ್ಲ ಕಡೆ. ಗ್ರೂಪು ಬಿಟ್ಟರೆ ಜನ ಬೇಸರ ಮಾಡಿಕೊಳ್ಳುತ್ತಾರೆ. ನಾನು ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ಬಂದ್ ಮಾಡಿದೆ. ಮಸುಕು ಚೌಕ ಮಾತ್ರ ಕಾಣುತ್ತದೆ, ಒಳಗೆ ಯಾರದ್ದೋ ಬಾಯಿ ತೆರೆದಿರುತ್ತದೆ. ಒತ್ತದಿದ್ದರೆ ಮುಗಿಯಿತು. ಒಂಬತ್ತು ಗಂಟೆಗೆ ಕೈ ಚಡಪಡಿಸುತ್ತಿತ್ತು, ಸುಮಾರು ಮೂರು ವಾರ. ಆ ಹೊತ್ತಿಗೆ ಪಾತ್ರೆ ತೊಳೆಯುವ ಕೆಲಸ ವಹಿಸಿಕೊಂಡೆ. ಈಗಲೂ ನನ್ನದೇ.

2023ರ ಜುಲೈ 2, ಭಾನುವಾರ ಮಧ್ಯಾಹ್ನ. ಒಂದು ವರ್ಷದಿಂದ ಮಾತು ಬಿಟ್ಟಿದ್ದ ಭಾವನ ಫೋನು. ಯಾರೋ ಹೋದರು ಅಂದುಕೊಂಡೆ. "ಟಿವಿ ನೋಡಿದಿರಾ?" ಅಂದರು. "ನಮ್ಮನೆಯಲ್ಲಿ ನ್ಯೂಸ್ ಇಲ್ಲ ಭಾವ" ಅಂದೆ. "ಅಜಿತ್ ಪವಾರ್ ಶಿಂಧೆ ಸರ್ಕಾರ ಸೇರಿದರು. ನಾವಿಬ್ಬರು ಯಾರಿಗೋಸ್ಕರ ಹೊಡೆದಾಡಿದೆವೋ ಎಲ್ಲರೂ ಒಟ್ಟಿಗೆ ಕೂತಿದ್ದಾರೆ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ. ಆಮೇಲೆ ಅವರೇ, "ಆ ದಿನ ನೀವು ಊಟ ಮಾಡಿರಲಿಲ್ಲ, ಬನ್ನಿ" ಅಂದರು. ಸಂಜೆಯ ಸ್ಲೋ ಟ್ರೇನಿಗೆ ಹೋದೆವು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾನು ಮಾಡಿದ ಒಂದು ಕೆಲಸ ಹೇಳಬೇಕು. 2024ರ ಮೇ 20ಕ್ಕೆ ಮುಂಬಯಿಯಲ್ಲಿ ಲೋಕಸಭೆಯ ಮತದಾನ. ನಾನು ಊರಿನಲ್ಲಿದ್ದೆ, ಒಂದು ಮದುವೆಗೆ. ಮದುವೆ 17ಕ್ಕೇ ಮುಗಿದಿತ್ತು, ಬರಬೇಕು ಅಂದಿದ್ದರೆ ಮತ್ಸ್ಯಗಂಧ ರೈಲು ಹತ್ತಿ ಬರಬಹುದಿತ್ತು. ಬರಲಿಲ್ಲ. ಯಾರಿಗೆ ಹಾಕಬೇಕು? ನಮ್ಮದು ಮುಂಬಯಿ ವಾಯವ್ಯ ಕ್ಷೇತ್ರ. ಹಳೆಯ ಸಂಸದ ಗಜಾನನ ಕೀರ್ತಿಕರ್ ಶಿಂಧೆ ಕಡೆ. ಅವರ ಮಗ ಅಮೋಲ್ ಉದ್ಧವ್ ಕಡೆಯ ಅಭ್ಯರ್ಥಿ. ಎದುರಿಗೆ ರವೀಂದ್ರ ವಾಯ್ಕರ್, ಎರಡು ತಿಂಗಳ ಹಿಂದೆ ಉದ್ಧವ್ ಕಡೆಯಿಂದ ಶಿಂಧೆ ಕಡೆಗೆ ಹೋದವರು. ಇದರಲ್ಲಿ ನನ್ನ ಅಭಿಪ್ರಾಯಕ್ಕೆ ಎಲ್ಲಿ ಜಾಗ ಅಂತ ಗೇರುಮರದ ಕೆಳಗೆ ಕೂತು ಯೋಚಿಸಿ, ಮಲಗಿದೆ.

ಜೂನ್ 4ಕ್ಕೆ ವಾಪಸ್ ಬಂದಿದ್ದೆ. ಒಪ್ಪಿಕೊಳ್ಳುತ್ತೇನೆ, ಆ ದಿನ ಬೆಳಗ್ಗಿನಿಂದ ರಾತ್ರಿ ತನಕ ಗಿರಾಕಿಯ ಹೋಟೆಲಿನ ಗಲ್ಲಾದ ಹಿಂದೆ ನಿಂತು ಟಿವಿ ನೋಡಿದೆ. ಮೂರು ದಿನದ ಹಿಂದೆ ಎಕ್ಸಿಟ್ ಪೋಲ್‌ನಲ್ಲಿ ಎನ್‌ಡಿಎಗೆ 350, 400 ಅಂದವರ ಮುಖ ನೋಡುವ ಆಸೆ. ಬಂದದ್ದು 293. ಸಂಜೆಯ ಹೊತ್ತಿಗೆ ನಮ್ಮ ಕ್ಷೇತ್ರದ್ದು ಬಂತು. ಇವಿಎಂ ಎಣಿಕೆ ಮುಗಿದಾಗ ಅಮೋಲ್ ಕೀರ್ತಿಕರ್ ಒಂದು ಓಟು ಮುಂದೆ. ಒಂದು. ಅಂಚೆ ಮತ ಸೇರಿಸಿದ ಮೇಲೆ ವಾಯ್ಕರ್ 48 ಓಟಿನಿಂದ ಗೆದ್ದರು. 4,52,644 ಮತ್ತು 4,52,596. ನೋಟಾಕ್ಕೆ ಹದಿನೈದು ಸಾವಿರದಷ್ಟು.

ನಮ್ಮ ಬಿಲ್ಡಿಂಗಿನಲ್ಲಿ 56 ಫ್ಲಾಟು. ನಾನು ಬಂದಿದ್ದರೂ ನೋಟಾ ಒತ್ತುತ್ತಿದ್ದೆ, ಹಾಗಾಗಿ ಏನೂ ಬದಲಾಗುತ್ತಿರಲಿಲ್ಲ ಅಂತ ಹೆಂಡತಿಗೆ ಹೇಳಿದೆ. ಅವಳು ಉತ್ತರ ಕೊಡಲಿಲ್ಲ. ಲೆಕ್ಕ ಬರೆಯುವವನಿಗೆ 48 ಅನ್ನುವ ಅಂಕಿ ತೊಂದರೆ ಕೊಡುತ್ತದೆ. ಒಂಬತ್ತು ಲಕ್ಷದಲ್ಲಿ ಅಷ್ಟು ವ್ಯತ್ಯಾಸ ಬಂದರೆ ನಾವು ತಾಳೆಯಾಗದ ಮೊತ್ತ ಇಡುವ ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗುತ್ತೇವೆ.

ಆಮೇಲಿನಿಂದ ಒಂದು ಹೊಸ ಅಭ್ಯಾಸ. ನವೆಂಬರಿನ ವಿಧಾನಸಭೆ ಚುನಾವಣೆಗೆ ಭಾಷಣ, ಚರ್ಚೆ ಏನೂ ಕೇಳಲಿಲ್ಲ. ಚುನಾವಣಾ ಆಯೋಗದ ಸೈಟಿನಿಂದ ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಫಾರ್ಮ್ 26 ಇಳಿಸಿಕೊಂಡೆ. ಅಫಿಡವಿಟ್. ಐದು ವರ್ಷದ ರಿಟರ್ನ್ಸಿನಲ್ಲಿ ತೋರಿಸಿದ ಆದಾಯ, ಹೆಂಡತಿಯ ಚಿನ್ನ, ಸಾಲ, ಬಾಕಿ ಕೇಸು, ಎಲ್ಲ ಅದರಲ್ಲಿ. ಯಾರೂ ಕಿರುಚುವುದಿಲ್ಲ. ಎಲ್ಲ ಪೂರ್ತಿ ವಾಕ್ಯ. ಒಬ್ಬರಿಗೆ ಆದಾಯ ಅಷ್ಟಕ್ಕಷ್ಟೇ, ಆಸ್ತಿ ಮಾತ್ರ ಐದು ವರ್ಷದಲ್ಲಿ ಬಾಳೆಗಿಡದ ಹಾಗೆ ಬೆಳೆದಿತ್ತು. ಇನ್ನೊಬ್ಬರು "ಅನ್ವಯಿಸುವುದಿಲ್ಲ" ಅಂತ ಬರೆಯಬೇಕಾದ ಕಡೆಯೂ ಶ್ರದ್ಧೆಯಿಂದ ಸೊನ್ನೆ ಬರೆದಿದ್ದರು, ನನಗೆ ಅವರ ಮೇಲೆ ಸ್ವಲ್ಪ ಪ್ರೀತಿ ಬಂತು. ಇದರಿಂದ ನನ್ನ ನಂಬಿಕೆ ಏನೂ ವಾಪಸ್ ಬರಲಿಲ್ಲ. ಆದರೆ ಓಟು ಹಾಕುವ ಕೋಣೆಗೆ ಹೋಗುವಾಗ ಕಿವಿಯೊಳಗೆ ಸದ್ದು ಇರಲಿಲ್ಲ.

ಗಟಾರದ ವಿಷಯ ಮರೆತಿಲ್ಲ. ನಾಲ್ಕು ಮಳೆಗಾಲ ನಗರಸೇವಕ ಇಲ್ಲದೆ ಕಳೆದವು. 2025-26ರ ಪಾಲಿಕೆ ಬಜೆಟ್ 74,427 ಕೋಟಿ ರೂಪಾಯಿ. ಕೈ ಎತ್ತಿ "ಇದು ಯಾಕೆ" ಅಂತ ಕೇಳುವ ಒಬ್ಬ ಚುನಾಯಿತನೂ ಸಭೆಯಲ್ಲಿ ಇರಲಿಲ್ಲ. ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಪಂಪಿನ ರಿಪೇರಿಗೆ ಎಂಟು ಸಾವಿರ ಅಂದರೆ ಮೂರು ಜನ ಎದ್ದು ನಿಲ್ಲುತ್ತಾರೆ. ಕೊನೆಗೆ ಸುಪ್ರೀಂ ಕೋರ್ಟ್ ಗಡುವು ಹಾಕಿದ ಮೇಲೆ 2026ರ ಜನವರಿ 15ಕ್ಕೆ ಚುನಾವಣೆ ಆಯಿತು. ಹಿಂದಿನದು 2017ರ ಫೆಬ್ರವರಿಯಲ್ಲಿ. ಆಗ ಮೊದಲ ಸಲ ಓಟು ಹಾಕಿದ ನಮ್ಮ ಮಹಡಿಯ ಹುಡುಗನಿಗೆ ಈಗ ಎರಡು ಮಕ್ಕಳು.

ಬೆಳಗ್ಗೆಯೇ ಹೋಗಿ ಹಾಕಿದೆ. ಅದೇ ಪಾಲಿಕೆ ಶಾಲೆ. ಬೆರಳಿಗೆ ಮೈಸೂರಿನ ಶಾಯಿ ಇರಲಿಲ್ಲ, ಮಾರ್ಕರ್ ಪೆನ್ನು. ಅದು ಅಳಿಸಿಹೋಗುತ್ತದೆ ಅಂತ ಮಧ್ಯಾಹ್ನದೊಳಗೆ ದೊಡ್ಡ ಗಲಾಟೆ. ಮಸುಕು ಚೌಕಗಳು ಒಂದರ ಮೇಲೊಂದು ಬಂದು ಬಿದ್ದವು, ಒತ್ತಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ನನ್ನ ಬೆರಳನ್ನು ನೋಡಿಕೊಂಡೆ. ಸ್ವಲ್ಪ ಮಾಸಿತ್ತು.

ಫೆಬ್ರವರಿಯಲ್ಲಿ ವಾರ್ಡ್ ಆಫೀಸಿಗೆ ಹೋಗಿ ಗಟಾರದ ಅರ್ಜಿ ಕೊಟ್ಟೆ. ಪಾಲಿಕೆಯ 1916 ನಂಬರಿಗೆ ಫೋನ್ ಮಾಡಿ ದೂರಿನ ನಂಬರನ್ನೂ ತೆಗೆದುಕೊಂಡೆ. ಹೊಸ ನಗರಸೇವಕರ ಆಫೀಸಿಗೂ ಒಂದು ನಕಲು. ಒಳಗಿದ್ದ ಹುಡುಗ ನಕಲಿನ ಮೇಲೆ ಸಹಿ ಹಾಕಲು ಹಿಂದೆ ಮುಂದೆ ನೋಡಿದ. ತಾರೀಖು ಹಾಕಿ, ಅಷ್ಟು ಸಾಕು ಅಂದೆ. ಹಾಕಿದ. ನಾಲಾ ಸ್ವಚ್ಛತೆಗೆ ಪಾಲಿಕೆ ಇಟ್ಟುಕೊಳ್ಳುವ ಗಡುವು ಮೇ ಕೊನೆ. ನೋಟ್‌ಬುಕ್ಕಿನಲ್ಲಿ ಪುಟ ಬಹಳ ಉಳಿದಿತ್ತು, ಹೊಸ ಕಾಲಂ ಎಳೆದಿದ್ದೇನೆ: ತಾರೀಖು, ಯಾರನ್ನು ಕಂಡೆ, ಏನಂದರು. ಇಲ್ಲಿ ತನಕ ಐದು ಸಾಲು. ಮೂರರಲ್ಲಿ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಅಂತ ಇದೆ.